ಜಾಗ, ಚೆಕ್, ವೀಲು, ಪಾಲು: ಮಂಗಳೂರು-ಉಡುಪಿಯಲ್ಲಿ ಯಾವ ಕೆಲಸಕ್ಕೆ ಯಾರ ಬಳಿ ಹೋಗಬೇಕು?

ಮನೆಯಲ್ಲಿ ಕಾನೂನಿನ ತಾಪತ್ರಯ ಏನಾದರೂ ಬಂದಾಗ ನಾವು ಮೊದಲು ಕೇಳುವುದು, "ಒಳ್ಳೆ ಲಾಯರ್ ಯಾರಾದರೂ ಗೊತ್ತಿದ್ದಾರಾ?" ಎಂದು. ಯಾರೋ ಒಬ್ಬರು ಹೆಸರು ಹೇಳುತ್ತಾರೆ. ಅವರು ಕ್ರಿಮಿನಲ್ ಕೇಸಿನಲ್ಲಿ ಹೆಸರು ಮಾಡಿದವರು. ನಮ್ಮದು ಐದು ಸೆಂಟ್ಸ್ ಜಾಗದ ತಕರಾರು. ಆದರೂ ಹೋಗಿ ವಕಾಲತ್ತಿಗೆ ಸಹಿ ಹಾಕಿ ಬರುತ್ತೇವೆ.

ಹೆಸರು ಕೇಳುವ ಮೊದಲು ಕೆಲಸ ಯಾವುದೆಂದು ನೋಡಬೇಕು. ಇದು ಕಾಗದ ಸರಿಮಾಡುವ ಕೆಲಸವಾ, ಜಗಳವಾ? ಜಗಳವಾದರೆ ಅದಕ್ಕೆ ಗಡುವು ಏನಾದರೂ ಓಡುತ್ತಿದೆಯಾ? ಇಷ್ಟು ಗೊತ್ತಾದರೆ ಡಾಕ್ಯುಮೆಂಟ್ ರೈಟರ್ ಸಾಕಾ, ಒಬ್ಬ ವಕೀಲರು ಸಾಕಾ, ನಾಲ್ಕೈದು ವಕೀಲರಿರುವ ಆಫೀಸೇ ಬೇಕಾ, ಅಥವಾ ಯಾರೂ ಬೇಡವಾ ಎಂಬುದು ಅರ್ಧ ತೀರ್ಮಾನ ಆದ ಹಾಗೆ.

ಯಾರೂ ಬೇಡದ ಕೆಲಸಗಳು

ಇವು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇವೆ. ಪಹಣಿ ತೆಗೆಯುವುದು, ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟಿನಲ್ಲಿ ಇ.ಸಿ. (ಋಣಭಾರ ಪತ್ರ) ತೆಗೆಯುವುದು, ಅಪ್ಪ ತೀರಿಕೊಂಡ ಮೇಲೆ ವಂಶವೃಕ್ಷ ಮಾಡಿಸಿ ಪೌತಿ ಖಾತೆಗೆ (ಸತ್ತವರ ಜಾಗವನ್ನು ವಾರಸುದಾರರ ಹೆಸರಿಗೆ ಮಾಡಿಸಲು) ಅರ್ಜಿ ಕೊಡುವುದು, ಇದಕ್ಕೆಲ್ಲ ವಕೀಲರು ಬೇಕಿಲ್ಲ. ನಾಡಕಚೇರಿ, ಗ್ರಾಮ ಆಡಳಿತಾಧಿಕಾರಿ, ಸ್ವಲ್ಪ ತಾಳ್ಮೆ ಇದ್ದರೆ ಸಾಕು. ಅಣ್ಣತಮ್ಮಂದಿರಲ್ಲಿ ಒಬ್ಬರು ಸಹಿ ಹಾಕುವುದಿಲ್ಲ ಎಂದ ದಿನ ಮಾತ್ರ ಅದು ಕಾಗದದ ಕೆಲಸ ಹೋಗಿ ಜಗಳ ಆಗುತ್ತದೆ.

ಗ್ರಾಹಕ ಆಯೋಗಕ್ಕೂ ನೀವೇ ಹೋಗಬಹುದು. ಮಂಗಳೂರಿನಲ್ಲೂ ಉಡುಪಿಯಲ್ಲೂ ಜಿಲ್ಲಾ ಆಯೋಗ ಇದೆ. ನೀವು ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ದೂರು ಅಲ್ಲೇ. 5 ಲಕ್ಷದವರೆಗೆ ಫೀಸೇ ಇಲ್ಲ. 2019ರ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ದೆಹಲಿಯಲ್ಲಿದ್ದರೂ ಸರಿ. ಎರಡು ವರ್ಷದ ಒಳಗೆ ಕೊಡಬೇಕು, ಅಷ್ಟೇ. ಕೆಟ್ಟುಹೋದ ಫ್ರಿಜ್, ಕ್ಲೇಮ್ ಕೊಡದ ಇನ್ಶೂರೆನ್ಸ್, ಇವಕ್ಕೆ ಬಿಲ್ಲು, ಮೇಲ್, ಫೋಟೋ ಜೋಡಿಸಿ ಸ್ವಂತ ವಾದ ಮಾಡಿ ಗೆದ್ದವರು ಇದ್ದಾರೆ. ಆದರೆ ಆಸ್ಪತ್ರೆಯ ನಿರ್ಲಕ್ಷ್ಯದ ಕೇಸು ಬೇರೆ ಮಾತು. ಅಲ್ಲಿ ಇನ್ನೊಬ್ಬ ತಜ್ಞ ವೈದ್ಯರ ಅಭಿಪ್ರಾಯ ಬೇಕು, ಕೇಸ್ ಶೀಟ್ ಓದಲು ಗೊತ್ತಿರಬೇಕು. ಅದಕ್ಕೆ ಆ ಕೆಲಸ ಮಾಡಿ ಅಭ್ಯಾಸ ಇರುವ ವಕೀಲರನ್ನೇ ಹುಡುಕಿ.

ಮಕ್ಕಳು ನೋಡಿಕೊಳ್ಳದ ಹಿರಿಯರು ಹಿರಿಯ ನಾಗರಿಕರ 2007ರ ಕಾಯ್ದೆಯಡಿ ಅಸಿಸ್ಟೆಂಟ್ ಕಮಿಷನರ್ ಮುಂದೆ ನೇರವಾಗಿ ಅರ್ಜಿ ಕೊಡಬಹುದು. ದಕ್ಷಿಣ ಕನ್ನಡದಲ್ಲಿ ಮಂಗಳೂರು ಮತ್ತು ಪುತ್ತೂರು ಉಪವಿಭಾಗ, ಉಡುಪಿ ಜಿಲ್ಲೆಗೆ ಕುಂದಾಪುರ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಇಲ್ಲಿ ಒಂದು ಬಿಳಿ ಹಾಳೆಯ ಅರ್ಜಿ ಸಾಕು.

ಡಾಕ್ಯುಮೆಂಟ್ ರೈಟರಾ, ವಕೀಲರಾ?

ಸಬ್ ರಿಜಿಸ್ಟ್ರಾರ್ ಆಫೀಸಿನ ಸುತ್ತಮುತ್ತ ಇರುವ ಡಾಕ್ಯುಮೆಂಟ್ ರೈಟರ್‌ಗಳನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಕ್ರಯಪತ್ರದ ಭಾಷೆ, ಚಕ್ಕುಬಂದಿ (ಜಾಗದ ನಾಲ್ಕು ಗಡಿ), ಸ್ಟಾಂಪ್ ಲೆಕ್ಕ, ಆ ದಿನ ಸರ್ವರ್ ನಡೆಯುತ್ತಿದೆಯೋ ಇಲ್ಲವೋ, ಇದೆಲ್ಲ ಅವರಿಗೆ ಬಾಯಿಪಾಠ. 11 ತಿಂಗಳ ಬಾಡಿಗೆ ಕರಾರು, ಅಮ್ಮನಿಂದ ಮಗಳಿಗೆ ದಾನಪತ್ರ, ಎಲ್ಲರೂ ಒಪ್ಪಿದ ಹಕ್ಕುಬಿಡುಗಡೆ ಇವಕ್ಕೆಲ್ಲ ಅವರೇ ಸಾಕು. ಆದರೆ ಅವರ ಕೆಲಸ ನೀವು ಹೇಳಿದ್ದನ್ನು ಸರಿಯಾಗಿ ಬರೆಯುವುದು. ಮಾರುವವನಿಗೆ ನಿಜವಾಗಿ ಹಕ್ಕು ಇದೆಯಾ ಎಂದು ನೋಡುವುದು ಅವರ ಕೆಲಸ ಅಲ್ಲ. ಅದಕ್ಕೆ ಅವರು ಫೀಸೂ ತೆಗೆದುಕೊಳ್ಳುವುದಿಲ್ಲ.

ನಮ್ಮ ಕರಾವಳಿಯಲ್ಲಿ ಈ ವ್ಯತ್ಯಾಸ ದುಬಾರಿ ಬೀಳುತ್ತದೆ. ಇಲ್ಲಿನ ಜಾಗದ ಕತೆ ಘಟ್ಟದ ಮೇಲಿನ ಹಾಗಲ್ಲ. ಒಂದು ಫೈಲ್ ಬಿಚ್ಚಿ ನೋಡೋಣ. ಸುರತ್ಕಲ್ ಕಡೆಯೋ ಬ್ರಹ್ಮಾವರ ಕಡೆಯೋ ಹತ್ತು ಸೆಂಟ್ಸ್ ಜಾಗ ಎಂದು ಇಟ್ಟುಕೊಳ್ಳಿ. ಬ್ರೋಕರ್ ಕೈಯಲ್ಲಿ ಪಹಣಿ ಇದೆ, ಕನ್ವರ್ಷನ್ (ಕೃಷಿ ಜಾಗವನ್ನು ಕೃಷಿಯೇತರ ಮಾಡಿಸುವುದು) ಆಗಿದೆ, ಪಂಚಾಯತಿನ 9/11 ಖಾತೆ ಆಗಿದೆ. "ಎಲ್ಲಾ ಕ್ಲೀನ್ ಉಂಟು, ಅಡ್ವಾನ್ಸ್ ಕೊಟ್ಟುಬಿಡಿ" ಎನ್ನುತ್ತಾರೆ. ಅದೇ ಫೈಲನ್ನು ಜಾಗದ ಕೆಲಸ ಗೊತ್ತಿರುವ ವಕೀಲರ ಮುಂದೆ ಇಡಿ. ಅವರು ಮೊದಲು ಪಹಣಿಯ ಹೆಸರು ನೋಡುವುದಿಲ್ಲ. ಆ ಹೆಸರು ಹೇಗೆ ಬಂತು ಎಂದು ನೋಡುತ್ತಾರೆ. ಡಿಕ್ಲರೇಶನ್‌ನಲ್ಲಿ, ಅಂದರೆ ಭೂಸುಧಾರಣೆಯಲ್ಲಿ ಗೇಣಿದಾರ ಹಕ್ಕು ಕೇಳಿ ಹಾಕಿದ ಅರ್ಜಿಯಲ್ಲಿ, ಬಂದದ್ದಾ? ಹಾಗಾದರೆ ಭೂ ನ್ಯಾಯಮಂಡಳಿಯ ಆದೇಶ ತನ್ನಿ, ಗೇಣಿದಾರನಿಗೆ ಹಕ್ಕು ಕೊಟ್ಟ ಪತ್ರವಾದ ಫಾರ್ಮ್ 10 ತನ್ನಿ. ಅಪ್ಪನ ಕಾಲದ ಗೇಣಿಯನ್ನು ಹಿರಿಮಗನ ಹೆಸರಲ್ಲಿ ಡಿಕ್ಲರೇಶನ್ ಮಾಡಿಸಿದ್ದರೆ ಉಳಿದ ಮಕ್ಕಳು "ಅದು ಕುಟುಂಬದ್ದು" ಎಂದು ಪಾಲಿನ ದಾವೆ ಹಾಕಬಹುದು. ಈ ಜಗಳ ನಮ್ಮ ಕೋರ್ಟುಗಳಲ್ಲಿ ಹೊಸದೇನಲ್ಲ. ಆಮೇಲೆ ವಿಭಾಗಪತ್ರ ಓದುತ್ತಾರೆ. ಅದರಲ್ಲಿ ಗಂಡುಮಕ್ಕಳ ಸಹಿ ಇದೆ, ಮುಂಬೈಗೆ ಮದುವೆಯಾಗಿ ಹೋದ ಅಕ್ಕನ ಸಹಿ ಇಲ್ಲ. ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ 2005ರ ತಿದ್ದುಪಡಿಯ ನಂತರ ಮಾಡಿದ ಪತ್ರವಾದರೆ ಅಲ್ಲೇ ಪೆನ್ನು ನಿಲ್ಲುತ್ತದೆ.

ಅಳಿಯಕಟ್ಟಿನ (ತಾಯಿಯ ಕಡೆಯಿಂದ ಆಸ್ತಿ ಇಳಿಯುವ) ಕುಟುಂಬದ ಆಸ್ತಿಯಾದರೆ ಲೆಕ್ಕವೇ ಬೇರೆ. 1949ರ ಅಳಿಯಸಂತಾನ ಕಾಯ್ದೆ, ಕವರು (ತಾಯಿಯ ಕಡೆಯ ಕವಲು), ಯಜಮಾನ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಸತ್ತವರ ಪಾಲು ಯಾರಿಗೆ, ಇದನ್ನು ಬಿಡಿಸುವುದಕ್ಕೆ ಈ ಊರಿನ ವಕೀಲರೇ ಆಗಬೇಕು. ಮೂಲಗೇಣಿಯೂ (ಶಾಶ್ವತ ಗೇಣಿ) ಹಾಗೆಯೇ. ಅದಕ್ಕಾಗಿ ನಮ್ಮ ಈ ಎರಡು ಜಿಲ್ಲೆಗೆಂದು 2011ರ ಪ್ರತ್ಯೇಕ ಕಾಯ್ದೆಯೇ ಇದೆ. ಬೆಂಗಳೂರಿನ ದೊಡ್ಡ ಆಫೀಸಿನಲ್ಲಿ ಮೂಲಗೇಣಿ ಎಂದರೆ ಏನೆಂದು ನೀವೇ ವಿವರಿಸಬೇಕಾದೀತು.

ಇನ್ನು "ಹತ್ತು ಸೆಂಟ್ಸ್ ವರ್ಗ, ಹಿಂದೆ ಕುಮ್ಕಿ ಫ್ರೀ" ಎಂಬ ಆಫರ್. ವರ್ಗ ಎಂದರೆ ಸ್ವಂತ ಪಟ್ಟಾ ಜಾಗ, ಅದಕ್ಕೆ ತಾಗಿರುವ ಕುಮ್ಕಿ ಸರ್ಕಾರದ ಜಾಗ. ವರ್ಗದಾರನಿಗೆ ಅಲ್ಲಿ ಸೊಪ್ಪು, ಸೌದೆ ತರುವಂಥ ಸವಲತ್ತು ಇದೆಯೇ ಹೊರತು ಮಾರುವ ಹಕ್ಕು ಇಲ್ಲ. ದರ್ಖಾಸ್ತಿನಲ್ಲಿ (ಸರ್ಕಾರಿ ಜಾಗ ಕೇಳಿ ಹಾಕಿದ ಅರ್ಜಿಯಲ್ಲಿ) ಪರಿಶಿಷ್ಟರಿಗೆ ಮಂಜೂರಾದ ಜಾಗವಾದರೆ, ಅಂಥ ಜಾಗದ ಪರಭಾರೆ ತಡೆಯುವ ಪಿ.ಟಿ.ಸಿ.ಎಲ್. ಕಾಯ್ದೆ ಅಡ್ಡ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ವಾಪಸು ಕೇಳಲು 2023ರ ತಿದ್ದುಪಡಿಯ ನಂತರ ಕಾಲಮಿತಿಯೂ ಇಲ್ಲ. ಇದ್ಯಾವುದೂ ಇ.ಸಿ.ಯಲ್ಲಿ ಕಾಣುವುದಿಲ್ಲ. ಇ.ಸಿ.ಯಲ್ಲಿ ಕಾಣುವುದು ನೋಂದಣಿ ಆದದ್ದು ಮಾತ್ರ.

"ಬ್ಯಾಂಕಿನವರೇ ಲೋನ್ ಕೊಡುತ್ತಿದ್ದಾರಲ್ಲ, ಇನ್ಯಾಕೆ ಲೀಗಲ್ ಒಪೀನಿಯನ್?" ಎಂದು ಕೇಳುವವರಿದ್ದಾರೆ. ಬ್ಯಾಂಕಿನ ಪ್ಯಾನೆಲ್ ವಕೀಲರು ನೋಡುವುದು ಬ್ಯಾಂಕಿನ ಸಾಲ ಭದ್ರವಾ ಎಂದು. ಅವರ ಕಕ್ಷಿದಾರ ಬ್ಯಾಂಕ್, ನೀವಲ್ಲ. ನಾಳೆ ಜಾಗದ ಮೇಲೆ ದಾವೆ ಬಿದ್ದರೂ ಕಂತು ಕಟ್ಟಬೇಕಾದವರು ನೀವೇ.

ಲೆಕ್ಕ ಹಾಕಿ ನೋಡಿ. 60 ಲಕ್ಷದ ಜಾಗಕ್ಕೆ ಮುದ್ರಾಂಕ ಶುಲ್ಕ ಶೇ. 5, ಅಂದರೆ 3 ಲಕ್ಷ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 2 ಆಗಿದೆ, ಅಂದರೆ 1.2 ಲಕ್ಷ. ಸೆಸ್ಸು, ಸರ್ಚಾರ್ಜು ಬೇರೆ. ಸರ್ಕಾರಕ್ಕೆ ನಾಲ್ಕು ಲಕ್ಷ ಚಿಲ್ಲರೆ ಕಟ್ಟುವವರು ಫೈಲ್ ಓದುವ ವಕೀಲರ ಫೀಸಿನಲ್ಲಿ ಚೌಕಾಸಿ ಮಾಡುವುದು ನನಗಂತೂ ಅರ್ಥ ಆಗಿಲ್ಲ. ನನ್ನ ಮಾತು ಕೇಳುವುದಾದರೆ, ಜಾಗದ ವಿಷಯದಲ್ಲಿ ಅಡ್ವಾನ್ಸ್ ಕೊಡುವ ಮೊದಲು ವಕೀಲರು, ರಿಜಿಸ್ಟ್ರಿ ದಿನ ಡಾಕ್ಯುಮೆಂಟ್ ರೈಟರ್. ಇಬ್ಬರೂ ಬೇಕು, ಇದೇ ಕ್ರಮದಲ್ಲಿ.

ನೋಟರಿ ಬಗ್ಗೆ ಒಂದೇ ಮಾತು. ಅಫಿಡವಿಟ್‌ಗೆ, ಪ್ರತಿಗಳ ದೃಢೀಕರಣಕ್ಕೆ ನೋಟರಿ ಸರಿ. ಜಾಗದ ಮಾರಾಟವನ್ನು ಸ್ಟಾಂಪ್ ಪೇಪರಿನಲ್ಲಿ ಬರೆದು ನೋಟರಿ ಸೀಲ್ ಹೊಡೆಸಿದರೆ ಜಾಗ ನಿಮ್ಮದಾಗುವುದಿಲ್ಲ. 100 ರೂಪಾಯಿ ಮೀರಿದ ಸ್ಥಿರಾಸ್ತಿಯ ಕ್ರಯ ನೋಂದಣಿ ಆಗಲೇಬೇಕು. ಜಿ.ಪಿ.ಎ. (ಜನರಲ್ ಪವರ್ ಆಫ್ ಅಟಾರ್ನಿ) ಮೇಲೆ ಜಾಗ "ಕೊಂಡರೂ" ಹಕ್ಕು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ವೀಲು, ದಾನಪತ್ರ

ವೀಲು, ಅಂದರೆ ಉಯಿಲು, ಸಾದಾ ಕಾಗದದಲ್ಲೂ ಬರೆಯಬಹುದು. ಸ್ಟಾಂಪ್ ಬೇಡ, ನೋಂದಣಿ ಕಡ್ಡಾಯ ಅಲ್ಲ, ಇಬ್ಬರು ಸಾಕ್ಷಿ ಬೇಕು. ಆಸ್ತಿ ಪಡೆಯುವವರನ್ನೇ ಸಾಕ್ಷಿ ಹಾಕಿಸಬೇಡಿ. ವಯಸ್ಸಾದವರದ್ದಾದರೆ ನೋಂದಣಿ ಮಾಡಿಸಿಬಿಡುವುದು ಒಳ್ಳೆಯದು. ಮುಂದೆ "ಅಪ್ಪನಿಗೆ ಬುದ್ಧಿ ಸ್ವಾಧೀನ ಇರಲಿಲ್ಲ" ಎಂಬ ತಕರಾರು ಎತ್ತುವುದು ಸ್ವಲ್ಪ ಕಷ್ಟವಾಗುತ್ತದೆ. ಆದರೆ ಯಾವ ಧರ್ಮದ ಕಾನೂನು ಎಂಬುದನ್ನು ನೋಡಿಕೊಳ್ಳಬೇಕು. ಬ್ಯಾರಿ (ಕರಾವಳಿಯ ಮುಸ್ಲಿಂ) ಕುಟುಂಬದಲ್ಲಿ ವಾರಸುದಾರರ ಒಪ್ಪಿಗೆ ಇಲ್ಲದೆ ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ವೀಲಿನಲ್ಲಿ ಕೊಡಲು ಬರುವುದಿಲ್ಲ. ಕೆಥೋಲಿಕ್ ಮನೆಯಲ್ಲಿ 1925ರ ಉತ್ತರಾಧಿಕಾರ ಕಾಯ್ದೆ. ಅಳಿಯಕಟ್ಟಿನಲ್ಲಿ ಇನ್ನೊಂದು. ಎಲ್ಲರಿಗೂ ಒಂದೇ ನಮೂನೆ ಪ್ರಿಂಟ್ ತೆಗೆದು ಕೊಡುವ ಕಡೆ ಮಾಡಿಸಬೇಡಿ.

ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕಡಿಮೆ. ಹಾಗಾಗಿ ಎಷ್ಟೋ ತಾಯಂದಿರು ಬದುಕಿರುವಾಗಲೇ ಮನೆ ಬರೆದುಕೊಡುತ್ತಾರೆ. ಕೊಡುವುದಾದರೆ "ನನ್ನನ್ನು ಕೊನೆತನಕ ನೋಡಿಕೊಳ್ಳಬೇಕು" ಎಂಬ ಷರತ್ತು ಪತ್ರದಲ್ಲೇ ಇರಲಿ. ಮಗ ನೋಡಿಕೊಳ್ಳದಿದ್ದರೆ ಹಿರಿಯರ ಕಾಯ್ದೆಯ 23ನೇ ಸೆಕ್ಷನ್‌ನಡಿ ದಾನಪತ್ರ ರದ್ದು ಮಾಡಿಸಲು ಈ ಒಂದು ಸಾಲು ದೊಡ್ಡ ಆಧಾರ. ಈ ಸಾಲು ಹಾಕಿ ಎಂದು ಮಗನ ಎದುರಲ್ಲೇ ಹೇಳಲು ಅಮ್ಮನಿಗೆ ಸಂಕೋಚ. ಅಮ್ಮನನ್ನು ಬೇರೆ ಕೂರಿಸಿ ಮಾತಾಡಿಸುವ ವಕೀಲರು ಸಿಕ್ಕರೆ ಅವರನ್ನು ಬಿಡಬೇಡಿ.

ಒಬ್ಬರೇ ವಕೀಲರಾ, ಆಫೀಸಾ?

ಒಬ್ಬರೇ ಇರುವ ವಕೀಲರಲ್ಲಿ ದೊಡ್ಡ ಅನುಕೂಲ, ನೀವು ಮಾತಾಡಿದವರೇ ಕೋರ್ಟಿನಲ್ಲಿ ನಿಲ್ಲುತ್ತಾರೆ. ಫೋನ್ ಮಾಡಿದರೆ ಅವರೇ ಎತ್ತುತ್ತಾರೆ, ತುಳುವಿನಲ್ಲೋ ಕೊಂಕಣಿಯಲ್ಲೋ ವಿಷಯ ಹೇಳುತ್ತಾರೆ. ಅನಾನುಕೂಲವೂ ಅಲ್ಲೇ ಇದೆ. ಅವರು ಬಂಟ್ವಾಳದಲ್ಲಿದ್ದ ದಿನ ಮಂಗಳೂರಿನ ಕೇಸಿಗೆ ಡೇಟ್ ತೆಗೆದುಕೊಳ್ಳಬೇಕಾಗುತ್ತದೆ.

ನಾಲ್ಕೈದು ಜನ ಇರುವ ಆಫೀಸಿನಲ್ಲಿ ಆ ತೊಂದರೆ ಕಡಿಮೆ. ಜಾಗ ಒಬ್ಬರು, ಕುಟುಂಬದ ಕೇಸು ಒಬ್ಬರು, ಕ್ರಿಮಿನಲ್ ಒಬ್ಬರು ನೋಡುತ್ತಾರೆ. ಒಂದೇ ವಿಷಯ ಮೂರು ಕಡೆ ಕವಲೊಡೆದಾಗ ಇದರ ಬೆಲೆ ತಿಳಿಯುತ್ತದೆ. ಉದಾಹರಣೆಗೆ ಗಂಡ ತೀರಿಕೊಂಡ ಮೇಲೆ ಬ್ಯಾಂಕಿಗೆ ಸಕ್ಸೆಷನ್ ಸರ್ಟಿಫಿಕೇಟ್ (ಕೋರ್ಟು ಕೊಡುವ ವಾರಸು ಪ್ರಮಾಣಪತ್ರ), ಮೈದುನನ ಮೇಲೆ ಪಾಲಿನ ದಾವೆ, ಅಂಗಡಿ ಪಾಲುದಾರಿಕೆಯ ಲೆಕ್ಕ ಎಲ್ಲ ಒಟ್ಟಿಗೆ ಬಂದರೆ ಆಫೀಸೇ ಸರಿ. ಇನ್ನೊಂದು ಕಾರಣ ಹೈಕೋರ್ಟ್. ಧಾರವಾಡ, ಕಲಬುರಗಿಯಲ್ಲಿ ಪೀಠ ಇದೆ, ಕರಾವಳಿಗೆ ಇಲ್ಲ. ಪೀಠ ಬೇಕೆಂಬ ಬೇಡಿಕೆ ಹಾಗೆಯೇ ಉಳಿದಿದೆ. ಮೇಲ್ಮನವಿಗೆ ಶಿರಾಡಿ ಹತ್ತಿ ಬೆಂಗಳೂರಿಗೇ ಹೋಗಬೇಕು. ಅಲ್ಲಿ ಜೊತೆ ವಕೀಲರಿರುವ ಆಫೀಸಾದರೆ ಫೈಲ್ ತಾನಾಗಿ ಅಲ್ಲಿಗೆ ಹೋಗುತ್ತದೆ, ಕತೆ ಮೊದಲಿಂದ ಹೇಳುವುದು ತಪ್ಪುತ್ತದೆ.

ಆಫೀಸಿಗೆ ಹೋದಾಗ ಮಾತ್ರ ಎರಡು ವಿಷಯ ಬಾಯಿಬಿಟ್ಟು ಕೇಳಿ. ನನ್ನ ಕೇಸನ್ನು ಸೀನಿಯರ್ ನಡೆಸುತ್ತಾರಾ, ಜೂನಿಯರ್ ನಡೆಸುತ್ತಾರಾ? ಜೂನಿಯರ್ ಆದರೆ ತಪ್ಪೇನಿಲ್ಲ, ಆದರೆ ಅವರನ್ನೂ ಒಮ್ಮೆ ಮಾತಾಡಿಸಿ. ಎರಡನೆಯದು ಇದಕ್ಕಿಂತ ಮುಖ್ಯ. ನೀವು ಫ್ಲ್ಯಾಟ್ ಕೊಳ್ಳುತ್ತಿರುವ ಬಿಲ್ಡರಿಗೂ ಇದೇ ಆಫೀಸು ಕೆಲಸ ಮಾಡುತ್ತದೆಯಾ? ಊರು ಚಿಕ್ಕದು. ಹೌದು ಎಂದರೆ ಬೇರೆ ಕಡೆ ಹೋಗಿ.

ತಾಲೂಕು ಕೋರ್ಟಿನ ಕೇಸಿಗೆ ಜಿಲ್ಲಾ ಕೇಂದ್ರದ ದೊಡ್ಡ ಹೆಸರು ಹಿಡಿಯುವ ಚಟ ಬಿಡಿ. ಕಾರ್ಕಳದ ದಾವೆಗೆ ಕಾರ್ಕಳದ ವಕೀಲರು, ಕುಂದಾಪುರದ್ದಕ್ಕೆ ಕುಂದಾಪುರದವರು. ಆ ಕೋರ್ಟಿನ ನಡೆ ಅವರಿಗೆ ಗೊತ್ತು. ನಿಮಗೆ ದಾರಿ ಖರ್ಚೂ ಉಳಿಯುತ್ತದೆ. "ನಾವೇ ನಂಬರ್ ಒನ್" ಎಂದು ಜಾಹೀರಾತು ಕೊಡುವವರು ಕಂಡರೆ ಹುಷಾರು. ವಕೀಲರು ಜಾಹೀರಾತು ಕೊಡುವಂತಿಲ್ಲ ಎಂದು ಬಾರ್ ಕೌನ್ಸಿಲ್ ನಿಯಮವೇ ಇದೆ.

ಗಡುವಿನ ಕೇಸುಗಳು

ಇಲ್ಲಿ ಹೆಸರಾಂತ ವಕೀಲರಿಗಿಂತ ನಾಳೆಯೇ ಸಿಗುವ ವಕೀಲರು ಮೇಲು. ಚೆಕ್ ಬೌನ್ಸ್ ತೆಗೆದುಕೊಳ್ಳಿ. ಚೆಕ್ಕಿನ ದಿನಾಂಕದಿಂದ ಮೂರು ತಿಂಗಳೊಳಗೆ ಅದನ್ನು ಬ್ಯಾಂಕಿಗೆ ಹಾಕಬೇಕು. ಹಣ ಇಲ್ಲ ಎಂಬ ಮೆಮೊ ಕೈಗೆ ಬಂದ 30 ದಿನದೊಳಗೆ ನೋಟಿಸ್ ಹೋಗಬೇಕು. ನೋಟಿಸ್ ತಲುಪಿದ ಮೇಲೆ ಆತನಿಗೆ ಹಣ ಕೊಡಲು 15 ದಿನ. ಕೊಡದಿದ್ದರೆ ಮುಂದಿನ ಒಂದು ತಿಂಗಳಲ್ಲಿ ಕೇಸು ಹಾಕಬೇಕು. "ಮುಂದಿನ ವಾರ ಕೊಡುತ್ತೇನೆ ಮಾರಾಯ್ರೆ" ಎಂಬ ಮಾತು ನಂಬಿ ಆ 30 ದಿನ ಕಳೆದುಕೊಂಡರೆ ಆ ಮೆಮೊ ಇಟ್ಟುಕೊಂಡು ಚೆಕ್ ಕೇಸು ಹಾಕಲಾಗುವುದಿಲ್ಲ. ನಿಮ್ಮ ಖಾತೆ ಉಡುಪಿಯ ಬ್ರಾಂಚಿನಲ್ಲಿದ್ದರೆ ಕೇಸು ಉಡುಪಿಯಲ್ಲೇ. ಇದು ಒಬ್ಬ ವಕೀಲರು ಆರಾಮಾಗಿ ಮಾಡುವ ಕೆಲಸ, ದೊಡ್ಡ ಆಫೀಸು ಬೇಕಿಲ್ಲ.

ಹೆದ್ದಾರಿ 66ರಲ್ಲಿ ಅಪಘಾತವಾಗಿ ಪರಿಹಾರ ಕೇಳುವುದಾದರೆ 2022ರಿಂದ ಆರು ತಿಂಗಳ ಗಡುವು ಕಾಯ್ದೆಯಲ್ಲಿದೆ. ಗಡುವು ದಾಟಿದ್ದರೂ ಕೈಚೆಲ್ಲದೆ ವಕೀಲರನ್ನು ಕೇಳಿ. ಅಪಘಾತ ಕಾಸರಗೋಡು ಕಡೆ ಆಗಿದ್ದರೂ ನೀವು ಉಳ್ಳಾಲದವರಾದರೆ ಮಂಗಳೂರಿನಲ್ಲೇ ಅರ್ಜಿ ಹಾಕಬಹುದು. ಆಸ್ಪತ್ರೆಯ ಮಂಚದ ಪಕ್ಕಕ್ಕೇ ಬಂದು "ಖರ್ಚೆಲ್ಲ ನಮ್ಮದು, ಬಂದ ಹಣದಲ್ಲಿ ಇಷ್ಟು ಪರ್ಸೆಂಟ್" ಎನ್ನುವವರು ಬರುತ್ತಾರೆ. ಗೆದ್ದರೆ ಪಾಲು ಎಂಬ ಫೀಸು ವಕೀಲರಿಗೆ ನಿಷಿದ್ಧ. ಕಾಗದಕ್ಕೆ ಸಹಿ ಹಾಕದೆ ಕಳುಹಿಸಿ.

ಉಚಿತ ಕಾನೂನು ನೆರವು, ಲೋಕ ಅದಾಲತ್

"ಪುಕ್ಕಟೆ ಲಾಯರ್ ಅಲ್ವಾ, ಎಷ್ಟು ಮಾಡಿಯಾರು" ಎಂಬ ತಾತ್ಸಾರ ನಮ್ಮಲ್ಲಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಎರಡೂ ಜಿಲ್ಲೆಯಲ್ಲಿದೆ, ತಾಲೂಕಿನಲ್ಲಿ ಸಮಿತಿ ಇದೆ. 15100ಕ್ಕೆ ಫೋನ್ ಮಾಡಬಹುದು. ಹೆಂಗಸರಿಗೆ ವರಮಾನ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಪರಿಶಿಷ್ಟರು, ಅಂಗವಿಕಲರು, ಮಕ್ಕಳು, ಕಾರ್ಖಾನೆ ಕಾರ್ಮಿಕರು, ಜೈಲಿನಲ್ಲಿರುವವರಿಗೂ ಹಾಗೆಯೇ. ಉಳಿದವರಿಗೆ ವರಮಾನದ ಮಿತಿ ಇದೆ. ಜೀವನಾಂಶ, ಮನೆಯೊಳಗಿನ ಹಿಂಸೆ, ಮನೆಯವನನ್ನು ಪೊಲೀಸರು ಹಿಡಿದುಕೊಂಡು ಹೋಗಿದ್ದಾರೆ, ಇಂಥದ್ದಕ್ಕೆ ಸಾಲ ಮಾಡಿ ಫೀಸು ಹೊಂದಿಸುವ ಮೊದಲು ಅಲ್ಲಿ ಹೋಗಿ ಕೇಳಿ. ಕೊಟ್ಟ ವಕೀಲರು ಸರಿಯಾಗಿ ಸ್ಪಂದಿಸದಿದ್ದರೆ ಬದಲಿಸಿಕೊಡಿ ಎಂದು ಅಲ್ಲೇ ಅರ್ಜಿ ಕೊಡಬಹುದು.

ರಾಜಿಯಲ್ಲಿ ಕೇಸು ಮುಗಿಸುವ ಲೋಕ ಅದಾಲತ್ತಿಗೆ, ಕೇಸು ಹಾಕುವ ಮೊದಲೂ ಹೋಗಬಹುದು. ಹಾಕಿದ ಕೇಸು ಅಲ್ಲಿ ರಾಜಿಯಾದರೆ ಕೋರ್ಟ್ ಫೀಸು ವಾಪಸು ಬರುತ್ತದೆ. ಹಣದ ಲೇವಾದೇವಿ, ಅಪಘಾತದ ಪರಿಹಾರ, ಚೆಕ್ಕು ಇಂಥದ್ದಕ್ಕೆ ಒಳ್ಳೆಯದು. ಒಂದು ಎಚ್ಚರ ಇರಲಿ: ಅಲ್ಲಿನ ತೀರ್ಮಾನದ ಮೇಲೆ ಅಪೀಲು ಇಲ್ಲ. ಬೆಳಿಗ್ಗೆಯಿಂದ ಕಾದು ಸುಸ್ತಾಗಿ, "ಆಯ್ತು ಮುಗಿಸಿಬಿಡುವ" ಎಂದು ಸಹಿ ಹಾಕಬೇಡಿ. ಅಣ್ಣತಮ್ಮಂದಿರ ಪಾಲಿನ ಜಗಳಕ್ಕೆ ನಾನು ಅದಾಲತ್ತಿಗಿಂತ ಮಧ್ಯಸ್ಥಿಕೆ ಕೇಂದ್ರವನ್ನೇ ಹೇಳುತ್ತೇನೆ. ಅಲ್ಲಿ ಕೂತು ಮಾತಾಡಲು ಸಮಯ ಕೊಡುತ್ತಾರೆ. ಬಾವಿ ಯಾರಿಗೆ, ದೈವದ ಚಾವಡಿ ಯಾರಿಗೆ, ಗಾಡಿ ಹೋಗುವ ದಾರಿ ಎಲ್ಲಿಂದ ಎಂಬುದೆಲ್ಲ ಒಂದೇ ಮಧ್ಯಾಹ್ನದಲ್ಲಿ ಬಗೆಹರಿಯುವ ಮಾತಲ್ಲ.

ಗಲ್ಫಿನಲ್ಲಿರುವವರು

ಅಬುಧಾಬಿಯಲ್ಲಿ ಕೂತು ಇಲ್ಲಿನ ಜಾಗದ ವ್ಯವಹಾರ ಮಾಡುವವರಿಗೆ ಆನ್‌ಲೈನ್ ಕಾನೂನು ಸೇವೆಗಳು ಚಂದ ಕಾಣುತ್ತವೆ. ನೋಟಿಸ್ ಬರೆಸಲು, ಕಂಪನಿ ನೋಂದಣಿಗೆ ಅವು ಆಗಬಹುದು. ಪವರ್ ಆಫ್ ಅಟಾರ್ನಿಗೆ ಊರಿನ ಆಫೀಸೇ ಬೇಕು. ಅಲ್ಲಿನ ಭಾರತೀಯ ದೂತಾವಾಸದಲ್ಲಿ ಸಹಿ ದೃಢೀಕರಿಸಿ ಕಳುಹಿಸಿದ ಪತ್ರ ಊರಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಆಗಬೇಕು. ಅದನ್ನು ಕವರಿನಲ್ಲೇ ಕಪಾಟಿನಲ್ಲಿಟ್ಟು ಮರೆಯುವವರೇ ಜಾಸ್ತಿ. ಪವರ್ ಕೊಡುವಾಗ "ಎಲ್ಲ ಅಧಿಕಾರ" ಎಂದು ಬರೆಸಬೇಡಿ. ಯಾವ ಜಾಗ, ಯಾವ ಕೆಲಸ, ಮಾರುವ ಅಧಿಕಾರ ಇದೆಯಾ ಇಲ್ಲವಾ, ಸ್ಪಷ್ಟವಾಗಿ ಇರಲಿ. ಕೊಟ್ಟದ್ದು ಸ್ವಂತ ತಮ್ಮನಿಗೇ ಆದರೂ.

ಫೀಸು, ಡೇಟು, ಫೈಲು

ಫೀಸು ಒಟ್ಟು ಎಷ್ಟು, ಪ್ರತಿ ಡೇಟಿಗಾ, ಕೋರ್ಟ್ ಫೀಸು, ಟೈಪಿಂಗ್, ಗುಮಾಸ್ತರ ಖರ್ಚು ಅದರಲ್ಲೇ ಸೇರಿದೆಯಾ, ಇದನ್ನೆಲ್ಲ ಮೊದಲ ದಿನವೇ ಕೇಳಿ. ಒಂದು ವಾಟ್ಸ್ಯಾಪ್ ಮೆಸೇಜಿನಲ್ಲಿ ಬರೆಸಿಕೊಂಡರೂ ಸಾಕು. "ನೋಡುವ, ನೀವೇನು ಹೊರಗಿನವರಾ" ಎಂಬ ಉತ್ತರ ಕೇಳಲು ಹಿತವಾಗಿರುತ್ತದೆ. ಮೂರನೇ ವರ್ಷದಲ್ಲಿ ಹಿತವಾಗಿರುವುದಿಲ್ಲ.

ಕೇಸು ದಾಖಲಾದ ಮೇಲೆ ಆ ಕೇಸಿನ ಗುರುತಿನ ಸಂಖ್ಯೆಯಾದ ಸಿ.ಎನ್.ಆರ್. ನಂಬರ್ ತೆಗೆದುಕೊಳ್ಳಿ. 16 ಅಕ್ಷರ-ಅಂಕಿ ಇರುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ಡೇಟ್ ಯಾವಾಗ, ಕಳೆದ ಸಲ ಏನಾಯಿತು ಎಂದು ನಿಮಗೇ ಕಾಣುತ್ತದೆ. ವಕೀಲರಿಗೆ ಸುಮ್ನೆ ಫೋನ್ ಮಾಡಿ "ಏನಾಯ್ತು ಸರ್" ಎಂದು ಕೇಳುವುದು ತಪ್ಪುತ್ತದೆ. ಅವರೂ ನಿಮ್ಮನ್ನು ಬೇರೆಯೇ ರೀತಿ ನೋಡುತ್ತಾರೆ.

ವಕೀಲರನ್ನು ಬದಲಿಸುವ ಹಕ್ಕು ನಿಮಗೆ ಯಾವಾಗಲೂ ಇದೆ. ಹಳೆಯ ವಕೀಲರಿಂದ ಒಪ್ಪಿಗೆ ಬರೆಸಿಕೊಂಡರೆ ಸುಲಭ, ಕೊಡದಿದ್ದರೆ ಕೋರ್ಟಿನ ಅನುಮತಿ ಕೇಳಬಹುದು. ಫೀಸು ಬಾಕಿ ಇದೆ ಎಂದು ಫೈಲ್ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು 2000ದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಬಾಕಿ ವಸೂಲಿಗೆ ಅವರಿಗೆ ಬೇರೆ ದಾರಿ ಇದೆ. ಹಾಗಿದ್ದರೂ ಮೂಲ ಕ್ರಯಪತ್ರ, ಫಾರ್ಮ್ 10, ಹಳೆಯ ವಿಭಾಗಪತ್ರ ಇವನ್ನು ಯಾವ ಆಫೀಸಿಗೂ ಮೊದಲ ದಿನ ಕೊಡಬೇಡಿ. ಜೆರಾಕ್ಸ್ ಕೊಡಿ. ಕೋರ್ಟಿಗೆ ಮೂಲ ಪ್ರತಿ ಬೇಕಾದ ದಿನ ಯಾವ್ಯಾವ ಕಾಗದ ಕೊಟ್ಟಿರಿ ಎಂದು ಒಂದು ಪಟ್ಟಿ ಮಾಡಿ, ಅದರ ಕೆಳಗೆ ಗುಮಾಸ್ತರ ಸಹಿ ಮತ್ತು ತಾರೀಕು ಹಾಕಿಸಿಕೊಳ್ಳಿ.